ಮಾಲಿದಿ ತಿಂದವರಿಗೆ ಖರ್ಜೂರ

ನನ್ನ ತಂಗಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಒಂದು ತಟ್ಟೆ ಮಾಲಿದಿಯಷ್ಟು ಸುಳ್ಳು. ಚಪಾತಿಯನ್ನು ಕುಟ್ಟಿ ಪುಡಿ ಮಾಡಿ, ಬೆಲ್ಲ, ತುಪ್ಪ, ಏಲಕ್ಕಿ, ಒಣಕೊಬ್ಬರಿ ಸೇರಿಸಿದರೆ ನಮ್ಮ ಕಡೆ ಅದೇ ಮಾಲಿದಿ. ತಿನ್ನಲು ಐದು ನಿಮಿಷ ಸಾಕು. ತಿಂದೆ ಎಂದು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ನಾನು ಓದಿದ್ದು ಐದನೆಯ ತರಗತಿ. ತಂಗಿ ಹುಟ್ಟಿದಾಗ ಅವ್ವ ಹೊಲದ ಕೆಲಸಕ್ಕೆ ಹೋಗಬೇಕಿತ್ತು, ಕೂಸನ್ನು ಎತ್ತಿಕೊಳ್ಳಲು ನಾನು ಮನೆಯಲ್ಲಿ ಉಳಿದೆ. ನನ್ನ ಸೊಂಟದ ಮೇಲೆ ಬೆಳೆದ ಆ ಹುಡುಗಿ ನರ್ಸಿಂಗ್ ಓದಿ, ಇಸ್ರೇಲಿಗೆ ಹೋಗಿ, ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ನಾನು ಲಿಂಗಸುಗೂರಿನಲ್ಲಿ, ಮನೆಯ ಮುಂದಿನ ಪಡಸಾಲೆಯಲ್ಲಿ ಜೋಳದ ಕಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಮದುವೆ, ಸೀಮಂತ, ಮಠದ ದಾಸೋಹ, ಎಲ್ಲ ಕಡೆಗೂ ಹೋಗುತ್ತದೆ.

ನನ್ನ ಜೊತೆ ರೊಟ್ಟಿ ಬಡಿಯುವವಳ ತವರು ಮುದಗಲ್. ಅಲ್ಲಿಯ ಹಳೆಯ ಕ್ರೈಸ್ತ ಮನೆತನದವಳು. ಪಕ್ಕದ ಮನೆಯ ಖಾಲಾ, ಎಂದರೆ ಚಿಕ್ಕಮ್ಮ, ಮುಸಲ್ಮಾನರು, ಹಿಟ್ಟು ಸಾಣಿಸುವ ನೆಪದಲ್ಲಿ ಮಾತಾಡಲು ಬರುತ್ತಾರೆ. ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಖಾಲಾ ಎದ್ದು ಹೋಗುತ್ತಾರೆ. ಭಾನುವಾರ ಮುದಗಲ್ಲಿನವಳು ಚರ್ಚಿಗೆ ಹೋಗುತ್ತಾಳೆ. ಶನಿವಾರ ತಂಗಿಯ ಫೋನು ಬರುತ್ತಿರಲಿಲ್ಲ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಆ ಅಜ್ಜಿಯ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಫೋನು ಮುಟ್ಟುವುದಿಲ್ಲ. ಸೋಮವಾರ ನನ್ನದು ಒಂದೊಪ್ಪತ್ತು. ದೇವರಿಗೆ ಕೊಟ್ಟು ಉಳಿದ ಹೊತ್ತಿನಲ್ಲಿ ನಮ್ಮ ವ್ಯಾಪಾರ.

"ಮೂರೂ ಮಂದಿ ದೇವ್ರು ಒಬ್ಬನ ಅಂತೀರಿ. ರಜಾ ಒಂದ ದಿನ ತಗೊಳ್ಳಾಕ ಏನಾಗ್ಯದ ನಿಮಗ?" ಎಂದು ನಾನು ಒಮ್ಮೆ ಕೇಳಿದ್ದೆ.

"ಎಲ್ಲಾರೂ ಒಂದ ದಿನ ಎದ್ದು ಹೋದ್ರ ನಿನ್ನ ರೊಟ್ಟಿ ಯಾರು ಬಡೀತಾರ ಬೇಟಿ?" ಎಂದರು ಖಾಲಾ.

ಅಜ್ಜಿಯ ಬಗ್ಗೆ ಹೇಳಬೇಕು. ಆಕೆ ಹುಟ್ಟಿದ್ದು ಮುಂಬೈ ಹತ್ತಿರದ ಕೊಂಕಣದ ಒಂದು ಹಳ್ಳಿಯಲ್ಲಿ. ಅಲ್ಲಿ ಬಹಳ ಕಾಲದಿಂದ ನೆಲೆಸಿದ್ದ ಯಹೂದಿಗಳ ಪೈಕಿ. ಹರೆಯದಲ್ಲೇ ಇಸ್ರೇಲಿಗೆ ಹೋದರೂ ಮರಾಠಿ ಮರೆತಿರಲಿಲ್ಲ, ಮುಂಬೈ ಹಿಂದಿಯನ್ನೂ ಮರೆತಿರಲಿಲ್ಲ. ನಮ್ಮ ಕಡೆಯ ಹೈದರಾಬಾದಿ ಹಿಂದಿ ನನಗೆ ಬರುತ್ತದೆ. ಹೀಗಾಗಿ ವಿಡಿಯೋ ಕಾಲಿನಲ್ಲಿ ನಾವಿಬ್ಬರೂ ತಂಗಿಯನ್ನು ನಡುವೆ ಬಿಟ್ಟು ಹರಟುತ್ತಿದ್ದೆವು. ಅಲ್ಲಿಯ ಯುದ್ಧದ ಸುದ್ದಿ ಟಿವಿಯಲ್ಲಿ ಬಂದಾಗ ನಾನು ರೊಟ್ಟಿ ಬಿಟ್ಟು ತಂಗಿಗೆ ಫೋನು ಹಚ್ಚುತ್ತಿದ್ದೆ. ಖಾಲಾ ಅದನ್ನು ನೋಡಿ ತಾವೇ ಎದ್ದು ಟಿವಿ ಆರಿಸುತ್ತಿದ್ದರು.

ತಂಗಿ ಹೋಗುವಾಗ ಒಂದು ಡಬ್ಬಿ ಕಡಕ್ ರೊಟ್ಟಿ ಕಟ್ಟಿ ಕೊಟ್ಟಿದ್ದೆ. ಅಜ್ಜಿ ಅದನ್ನು ನೋಡಿ ಬಹಳ ನಕ್ಕಳಂತೆ. ಅವರದೊಂದು ದೊಡ್ಡ ಹಬ್ಬವಿದೆ. ಅವರ ಹಿರಿಯರು ಗುಲಾಮರಾಗಿದ್ದ ದೇಶವನ್ನು ಬಿಟ್ಟು ಓಡಿಬಂದ ನೆನಪಿನ ಹಬ್ಬ. ಹಿಟ್ಟು ಉಬ್ಬಲು ಪುರಸೊತ್ತಿರಲಿಲ್ಲ, ಹಾಗೇ ಸುಟ್ಟುಕೊಂಡು ಹೊರಟರಂತೆ. ಅದಕ್ಕೆ ಆ ಏಳು ದಿನ ಉಬ್ಬಿದ್ದು ಯಾವುದನ್ನೂ ತಿನ್ನುವುದಿಲ್ಲ, ತೆಳ್ಳಗಿನ ಕಟಕಟ ರೊಟ್ಟಿಯೇ ಗತಿ. ಆದರೂ ಹಬ್ಬ ಮುಗಿಯುವವರೆಗೆ ಅಜ್ಜಿ ನನ್ನ ಡಬ್ಬಿಯನ್ನು ಕಪಾಟಿನ ಮೇಲೆ ಇಡಿಸಿದ್ದಳು. ಹಬ್ಬದ ರೊಟ್ಟಿಯನ್ನು ಅವರ ನೇಮದ ಪ್ರಕಾರವೇ ಸುಡಬೇಕಂತೆ.

ಇದನ್ನು ನಾನು ಪಡಸಾಲೆಯಲ್ಲಿ ಹೇಳಿದಾಗ ಮುದಗಲ್ಲಿನವಳು, "ನಮ್ಮ ಪೂಜಿಯಾಗ ಫಾದರ್ ಕೊಡೋ ರೊಟ್ಟಿನೂ ಉಬ್ಬಂಗಿಲ್ಲಕ್ಕ. ತೆಳ್ಳಗ, ಕಾಗದ ಇದ್ದಂಗ" ಎಂದಳು. ಹೀಗೆ ಒಂದು ಎಳೆ ಸಿಕ್ಕರೆ ಇಡೀ ಮಧ್ಯಾಹ್ನ ಅದೇ ಮಾತು. ಇಬ್ರಾಹಿಂ ಮೂವರಿಗೂ ಮೂಲಪುರುಷ. ಹಂದಿ ಖಾಲಾಗೂ ಇಲ್ಲ, ಅಜ್ಜಿಗೂ ಇಲ್ಲ. ಅಜ್ಜಿಯ ಮನೆಯಲ್ಲಿ ಮಾಂಸದ ಪಾತ್ರೆಯೇ ಬೇರೆ, ಹಾಲಿನ ಪಾತ್ರೆಯೇ ಬೇರೆ. ಇದನ್ನು ಕೇಳಿ ಖಾಲಾ, ಅಷ್ಟು ಪಾತ್ರೆ ತಿಕ್ಕುವವರು ಯಾರು ಎಂದು ತಂಗಿಯ ಬಗ್ಗೆ ಮರುಗಿದರು. ಯೇಸುವಿನ ಮಾತಿಗೆ ಬಂದಾಗ ಮಾತ್ರ ಮೂರು ದಾರಿ. ಮುದಗಲ್ಲಿನವಳಿಗೆ ಆತ ದೇವರ ಮಗ. ಖಾಲಾಗೆ ಈಸಾ ದೊಡ್ಡ ಪೈಗಂಬರ, ಆದರೆ ದೇವರಿಗೆ ಮಗ ಎಂಬುದಿಲ್ಲ. ಅಜ್ಜಿಯನ್ನು ಕೇಳಿದರೆ, ಆತ ನಮ್ಮವರಲ್ಲೇ ಹುಟ್ಟಿದವನು, ಆದರೆ ನಾವು ಕಾಯುವ ಮಸೀಹ ಇನ್ನೂ ಬಂದಿಲ್ಲ ಎಂದಳು. ಯಾರೂ ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಇರುವಾಗ ಜಗಳಕ್ಕೆ ಕೈ ಬಿಡುವಿರುವುದಿಲ್ಲ.

ಎರಡು ವರ್ಷದ ಕೆಳಗೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ತಂಗಿ ಆಸ್ಪತ್ರೆಯಿಂದ ಅಳುತ್ತ ಫೋನು ಮಾಡಿದಳು.

"ಯಕ್ಕಾ, ಅಜ್ಜಿ ಎದ್ದು ನಡೆದ್ರ ಮುದಗಲ್ ಅಲಾಯಿ ದೇವರಿಗೆ ಮಾಲಿದಿ ಅಂತ ಬೇಡ್ಕೊಂಡೀನಿ. ಇನ್ನೇನು ಹಬ್ಬ ಬಂತು. ಆಕಿ ಏಳೂದಕ್ಕೂ ಮೊದಲ ಈ ವರ್ಷನ ಮುಟ್ಟಿಸಿಬಿಡು. ನಾ ಇಲ್ಲಿಂದ ಏನು ಮಾಡ್ಲಿ?"

"ಅಳಬ್ಯಾಡ ಬೇ. ನಾ ಇಲ್ಲೇನು? ನಾನ ಹೋಗಿ ಮುಟ್ಟಿಸಿ ಬರ್ತೀನಿ" ಎಂದೆ. ಆಗ ನಿಜವಾಗಿಯೂ ಹೋಗುವವಳೇ ಇದ್ದೆ.

ಮೊಹರಂ ಬಂದರೆ ಮುದಗಲ್ಲಿಗೆ ನಮ್ಮ ಸೀಮೆಯ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಹಸ್ತದ ಆಕಾರದ ಬೆಳ್ಳಿಯ ಪಂಜಾಗಳನ್ನು ಕೂಡಿಸಿರುತ್ತಾರೆ, ಅವೇ ಅಲಾಯಿ ದೇವರು. ಸಕ್ಕರೆಯನ್ನೋ ಮಾಲಿದಿಯನ್ನೋ ಒಯ್ದು, ಅದರ ಮೇಲೆ ಫಾತೆಹಾ ಎಂಬ ಪ್ರಾರ್ಥನೆ ಓದಿಸಿ, ಅಲ್ಲಿದ್ದವರಿಗೆ ಹಂಚಿ ಬರಬೇಕು. ಹಂಚದೆ ಮನೆಗೆ ತಂದರೆ ಹರಕೆ ಮುಟ್ಟುವುದಿಲ್ಲ.

ಹಬ್ಬದ ಹಿಂದಿನ ದಿನ ಸಿಂಧನೂರಿನ ಒಂದು ಮದುವೆ ಮನೆಯಿಂದ ರೊಟ್ಟಿಗೆ ಹೇಳಿಕಳಿಸಿದರು. ಕಾಲುವೆ ಸೀಮೆಯ ದೊಡ್ಡ ಮನೆ, ಅವರ ಒಂದು ಮದುವೆಗೆ ಹೋದರೆ ಮುಂದಿನ ಹತ್ತು ಮದುವೆಗೆ ಕರೆಯುತ್ತಾರೆ. ಹೂಂ ಎಂದೆ. ಮರುದಿನ ಬೆಳಿಗ್ಗೆ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ರೊಟ್ಟಿಯ ಗಂಟುಗಳ ನಡುವೆ ನಿಂತಿದ್ದೆ. ಎಡಗಡೆ ಮುದಗಲ್ ಬಸ್ಸು, ಬಾಗಿಲವರೆಗೂ ಮಂದಿ ಜೋತುಬಿದ್ದಿದ್ದರು. ಬಲಗಡೆ ಸಿಂಧನೂರು ಬಸ್ಸು, ಕಿಟಕಿ ಪಕ್ಕ ಸೀಟು ಖಾಲಿ. ನಾನು ಖಾಲಿ ಸೀಟು ಹತ್ತಿದೆ.

ಬಸ್ಸು ಮಸ್ಕಿಯಲ್ಲಿ ನಿಂತಾಗ ತಂಗಿಯ ಫೋನು ಬಂತು. ಆ ಹೊತ್ತಿಗೇ ಸರಿಯಾಗಿ ಮಸ್ಕಿಯ ಅಲಾಯಿ ದೇವರು ರಸ್ತೆಯಲ್ಲಿ ಬರುತ್ತಿತ್ತು, ಮುಂದೆ ಹಲಗೆಯವರು ಕಿವಿ ಹರಿಯುವ ಹಾಗೆ ಬಾರಿಸುತ್ತಿದ್ದರು.

"ಯಕ್ಕಾ, ಮುದಗಲ್‌ನಾಗ ಅದೀ ಏನು? ಹಲಗಿ ಕೇಳಾಕತ್ತದ."

"ಹೂಂನವ್ವಾ, ಅದೀನಿ."

"ಅಷ್ಟು ಸಾಕ ಬಿಡು" ಎಂದು ಅವಳು ಮತ್ತೆ ಅತ್ತಳು. ಕಿಟಕಿಯ ಕೆಳಗೇ ದೇವರು ಹೋಯಿತು. ಇಳಿದು ಕೈ ಮುಗಿದಿದ್ದರೂ ಅರ್ಧ ಸುಳ್ಳು ಕಡಿಮೆಯಾಗುತ್ತಿತ್ತು. ಗಂಟುಗಳನ್ನು ಬಿಟ್ಟು ಇಳಿಯಲಿಲ್ಲ.

ಸಂಜೆ ಮನೆಗೆ ಬಂದರೆ ಖಾಲಾ ಮುದಗಲ್ಲಿನಲ್ಲಿ ಹಂಚಿ ಉಳಿದ ತಮ್ಮ ಮಾಲಿದಿ ತಂದು ನನಗೊಂದು ಡಬ್ಬಿ ಇಟ್ಟಿದ್ದರು. ಮೊಬೈಲಿನಲ್ಲಿ ತಂಗಿಯ ಸಂದೇಶ: ಫೋಟೋ ಕಳಿಸು, ಅಜ್ಜಿಗೆ ತೋರಿಸಬೇಕು. ನಾನು ಖಾಲಾರ ಮಾಲಿದಿಯನ್ನು ನಮ್ಮ ಮನೆಯ ಸ್ಟೀಲ್ ತಟ್ಟೆಗೆ ಸುರಿದೆ, ಎರಡು ಊದುಬತ್ತಿ ಹಚ್ಚಿದೆ, ಫೋಟೋ ತೆಗೆದು ಕಳಿಸಿದೆ. ಆಮೇಲೆ ಕೂತು ಇಡೀ ತಟ್ಟೆ ತಿಂದೆ. ಹಸಿದಿದ್ದೆ. ರುಚಿಯಾಗಿಯೂ ಇತ್ತು.

ಅಜ್ಜಿ ನಡೆದಳು. ನಾಲ್ಕು ತಿಂಗಳಿಗೆ ಕಬ್ಬಿಣದ ಚೌಕಟ್ಟು ಹಿಡಿದು ಅಡುಗೆಮನೆವರೆಗೆ, ಆರು ತಿಂಗಳಿಗೆ ಅಂಗಡಿವರೆಗೆ. ನಡೆದ ಸಂತೋಷಕ್ಕೆ ತಾನೂ ಹರಕೆ ತೀರಿಸುತ್ತೇನೆಂದು ಒಂದು ದಿನ ವಿಡಿಯೋದಲ್ಲಿ ದೊಡ್ಡ ತಟ್ಟೆ ತೋರಿಸಿದಳು. ನೆನೆಸಿದ ಅವಲಕ್ಕಿಗೆ ಕೊಬ್ಬರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು.

"ಇದಕ್ಕೇನಂತಾರ್ರಿ?" ಎಂದೆ.

"ಮಲೀದಾ" ಎಂದಳು ಅಜ್ಜಿ.

ನಾನು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟೆ. ಅವರ ಕೊಂಕಣದ ಯಹೂದಿಗಳು ಹರಕೆ ಮಾಡುವುದೂ ಮಲೀದಾದಿಂದಲೇ, ಎಲಿಯಾಹು ಎಂಬ ಪ್ರವಾದಿಯ ಹೆಸರಲ್ಲಿ. ಖಾಲಾ ಬಗ್ಗಿ ನೋಡಿ, "ಇಲ್ಯಾಸ್ ಪೈಗಂಬರ ಅಲ್ಲೇನ ಅವ್ರು!" ಎಂದರು. ಮುದಗಲ್ಲಿನವಳು ಹಿಟ್ಟಿನ ಕೈಯಲ್ಲೇ ಬಂದು, "ಎಲೀಯ ಪ್ರವಾದಿ! ಬೆಂಕಿ ರಥದಾಗ ಸ್ವರ್ಗಕ್ಕ ಹೋದವ್ರು!" ಎಂದಳು. ಮೂವರೂ ತಮ್ಮ ಊರಿನ ನೆಂಟ ಸಿಕ್ಕ ಹಾಗೆ ಆಡಿದರು. ನಾನೊಬ್ಬಳೇ ಹೆಂಚಿನ ಮೇಲಿನ ರೊಟ್ಟಿ ಮಗುಚಿದೆ. "ನಿನ್ನದೊಂದು, ನನ್ನದೊಂದು, ಎರಡು ಮಲೀದಾ ಸೇರಿ ನನ್ನನ್ನು ಎಬ್ಬಿಸಿದವು ನೋಡು. ನಿನ್ನ ಫೋಟೋ ನಮ್ಮ ಪ್ರಾರ್ಥನಾಮಂದಿರದ ಹೆಂಗಸರಿಗೆಲ್ಲ ತೋರಿಸಿದ್ದೇನೆ" ಎಂದಳು ಅಜ್ಜಿ. ಅಂದಿನಿಂದ ನನ್ನ ಸುಳ್ಳು ನನಗೆ ಗೊತ್ತಿಲ್ಲದ ಭಾಷೆಯಲ್ಲೂ ತಿರುಗಾಡತೊಡಗಿತು.

ತಂಗಿ ಐದು ವರ್ಷದ ನಂತರ ರಜೆಗೆ ಬರುತ್ತೇನೆಂದು ದಿನ ಗೊತ್ತುಮಾಡಿದಾಗ ನನಗೆ ಸಂಕಟ ಶುರುವಾಯಿತು. ಅವಳಿಗೆ ಹೇಳದೆಯೇ ಈ ಪಾಪ ಕಳೆಯುವ ದಾರಿ ಯಾವ ದೇವರಲ್ಲಾದರೂ ಇದೆಯೇ ಎಂದು ಹುಡುಕಿದೆ. ನಮ್ಮ ಶಿವನ ಮುಂದೆ ಮೊದಲು ತೆಂಗಿನಕಾಯಿ ಒಡೆದೆ. ಕಾಯಿ ಚೆನ್ನಾಗಿತ್ತು, ಚಟ್ನಿಯಾಯಿತು, ಮನಸ್ಸು ಇದ್ದಂತೆಯೇ ಇತ್ತು.

ಕ್ರೈಸ್ತರಲ್ಲಿ ಪಾಪ ನಿವೇದನೆ ಎಂಬುದಿದೆ ಎಂದು ಕೇಳಿದ್ದೆ. ಪರದೆಯ ಆಚೆ ಫಾದರ್ ಕೂತಿರುತ್ತಾರೆ, ಈಚೆಯಿಂದ ಹೇಳಿಬಿಟ್ಟರೆ ಆಯಿತು, ಅವರು ಯಾರಿಗೂ ಬಾಯಿ ಬಿಡುವುದಿಲ್ಲ. ನನಗೆ ಬೇಕಾದದ್ದು ಇದೇ ಎನ್ನಿಸಿತು.

"ನಾನೂ ಹೋಗಬಹುದೇನ ಅಲ್ಲಿ?" ಎಂದು ಮುದಗಲ್ಲಿನವಳನ್ನು ಕೇಳಿದೆ.

"ದೀಕ್ಷಾಸ್ನಾನ ಆದವ್ರಿಗೆ ಅದು. ನೀ ಹೋದ್ರ ಫಾದರ್ ಚಹಾ ಕುಡಿಸಿ ನಿನ್ನ ಮಾತು ಕೇಳ್ತಾರ" ಎಂದು ನಕ್ಕಳು. "ಆದ್ರ ಅಷ್ಟು ಸಸಾರ ಅಲ್ಲಕ್ಕ ಅದು. ನಾ ಸಣ್ಣಾಕಿದ್ದಾಗ ಅತ್ತಿಗಿ ಕೋಳಿ ತತ್ತಿ ಕದ್ದು ತಿಂದಿದ್ದೆ. ಫಾದರ್‌ಗೆ ಹೇಳಿದೆ. ಜಪ ಆಮ್ಯಾಲೆ ಮಾಡೀಯಂತ, ಮೊದಲು ಅತ್ತಿಗಿಗೆ ತತ್ತಿ ಕೊಟ್ಟು ಬಾ ಅಂದ್ರು. ಮನಿಯವ್ರ ಜೋಡಿ ಮುನಿಸಿಟ್ಟುಕೊಂಡು ಪೂಜಿಗೆ ಬಂದ್ರ, ಕಾಣಿಕಿ ಅಲ್ಲೇ ಇಟ್ಟು ಮೊದಲು ರಾಜಿಯಾಗಿ ಬರ್ರಿ ಅಂತಾರ. ಯಾಕ, ಏನು ಕದ್ದೀ?"

"ಏನಿಲ್ಲ, ರೊಟ್ಟಿ ಸೀಯಾಕತ್ತದ ನೋಡು" ಎಂದೆ.

ಖಾಲಾರನ್ನು ಸುತ್ತಿ ಬಳಸಿ ಕೇಳಬೇಕಾಯಿತು, ಮಾಲಿದಿ ಅವರದೇ ಅಲ್ಲವೇ. ಹಿಂದೆ ಅವರು ಗಂಡನ ಜೊತೆ ಮೆಕ್ಕಾಕ್ಕೆ ಹೊರಟಾಗ ಓಣಿಯ ಮನೆಮನೆಗೆ ಬಂದು, ಅಂದದ್ದು ಆಡಿದ್ದು ಮಾಫ್ ಮಾಡಿ ಎಂದು ಕೇಳಿಕೊಂಡಿದ್ದು ನನಗೆ ನೆನಪಿತ್ತು. "ಅಲ್ಲಿಗೇ ಹೋಗವ್ರಿದ್ರಿ, ಅಲ್ಲೇ ಅಲ್ಲಾನ ಹತ್ರನ ಮಾಫಿ ಕೇಳಬಹುದಿತ್ತಲ್ರಿ ಖಾಲಾ, ನಮ್ಮ ಬಾಗಿಲಿಗೆ ಯಾಕ ಬಂದ್ರಿ?" ಎಂದೆ.

"ನಮಾಜ್ ತಪ್ಪಿಸಿದ್ರ ಅಲ್ಲಾ ಮಾಫ್ ಮಾಡ್ತಾನ ಬೇಟಿ. ನಿನ್ನ ಕೊಡಪಾನ ಒಡೆದ್ರ ನೀನ ಮಾಫ್ ಮಾಡಬೇಕು. ಅದು ನಿನ್ನ ಹಕ್ಕು. ಅಲ್ಲಾ ನಡುವ ಬರಂಗಿಲ್ಲ."

ಉಳಿದದ್ದು ಯಹೂದಿ ಧರ್ಮ ಒಂದೇ. ಅಲ್ಲಿ ವರ್ಷಕ್ಕೊಮ್ಮೆ ಇಡೀ ದಿನ ಹನಿ ನೀರೂ ಕುಡಿಯದೆ ಉಪವಾಸ ಮಾಡುತ್ತಾರೆ, ದೇವರು ವರ್ಷದ ಪಾಪವನ್ನೆಲ್ಲ ತೊಳೆಯುತ್ತಾನೆ ಎಂದು ತಂಗಿ ಹೇಳಿದ್ದಳು. ಒಂದು ದಿನದ ಉಪವಾಸ ನನಗೇನು ಕಷ್ಟ? ವಿಡಿಯೋ ಕಾಲಿನಲ್ಲಿ ಅಜ್ಜಿಯ ಹತ್ತಿರ ಆ ಮಾತು ತೆಗೆದೆ. ಆಕೆ ತಲೆ ಅಲ್ಲಾಡಿಸಿದಳು. ಆ ಉಪವಾಸ ದೇವರಿಗೆ ಮಾಡಿದ ತಪ್ಪಿಗೆ ಮಾತ್ರ. ಮನುಷ್ಯರಿಗೆ ಮಾಡಿದ್ದಕ್ಕೆ ಉಪವಾಸದ ಮೊದಲೇ ಆ ಮನುಷ್ಯರ ಹತ್ತಿರ ಹೋಗಿ ಕೇಳಬೇಕು. ಒಪ್ಪದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ, ಮೂರು ಸಲ ಕೇಳಬೇಕು. "ಹೋದ ವರ್ಷ ನಿನ್ನ ತಂಗಿಯ ಹತ್ತಿರ ಕೇಳಿದೆ. ಚಹಾ ನೀರಾಗಿದೆ ಎಂದು ವರ್ಷವೆಲ್ಲ ಬೈದಿದ್ದೆನಲ್ಲ" ಎಂದಳು.

ಮೂರು ಬಾಗಿಲು ತಟ್ಟಿದೆ. ದೇವರ ಸ್ವರೂಪ, ಪೈಗಂಬರರು, ವಾರ, ಊಟ ಇವುಗಳ ಬಗ್ಗೆ ಎಷ್ಟೊಂದು ಬೇರೆಬೇರೆ ಹೇಳುವ ಈ ಮೂವರು ನನ್ನ ವಿಷಯದಲ್ಲಿ ಮಾತ್ರ ಮೊದಲೇ ಕೂಡಿ ಮಾತಾಡಿಕೊಂಡವರ ಹಾಗೆ ಒಂದೇ ಕಡೆ ಬೆರಳು ತೋರಿಸಿದರು. ತಂಗಿಯ ಕಡೆಗೆ.

ತಂಗಿ ಬಂದಳು. ದಪ್ಪಗಾಗಿದ್ದಳು, ಅದು ನನಗೆ ಸಂತೋಷ. ಪೆಟ್ಟಿಗೆಯಿಂದ ಎಲ್ಲರ ಸಾಮಾನು ತೆಗೆದ ಮೇಲೆ ಕೊನೆಗೆ ಒಂದು ದೊಡ್ಡ ಖರ್ಜೂರದ ಪೊಟ್ಟಣ ಹೊರಗೆ ತೆಗೆದಳು.

"ಇದು ಅಜ್ಜಿ ಕೊಟ್ಟಿದ್ದು. ಅವತ್ತು ಮಾಲಿದಿ ಯಾರ‍್ಯಾರು ತಿಂದ್ರೋ ಅವ್ರಿಗೆಲ್ಲ ಮುಟ್ಟಿಸಬೇಕಂತ. ತಪ್ಪದಂಗ ಹೇಳ್ಯಾಳ. ಯಾರಿಗೆ ಹಂಚಿದ್ದಿ ಯಕ್ಕಾ?"

"ಅಲ್ಲೇ... ಮುದಗಲ್ ಮಂದಿಗೆ" ಎಂದೆ. ಅಲ್ಲೂ ಇನ್ನೊಂದು ಸುಳ್ಳು.

"ನಾಳೆ ಹೋಗೂಣು ನಡಿ. ಅವ್ರ ಮನಿ ತೋರಿಸು."

ಮರುದಿನ ಅವಳು ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ನಡೆದಳು. ಎಡಗಡೆ ಮುದಗಲ್ ಬಸ್ಸು, ಬಲಗಡೆ ಸಿಂಧನೂರು ಬಸ್ಸು. ನಾನು ಎರಡರ ನಡುವೆ ನಿಂತುಬಿಟ್ಟೆ.

"ಅವತ್ತು ನಾ ಅದನ್ನ ಹತ್ತಿದ್ದೆ" ಎಂದು ಸಿಂಧನೂರು ಬಸ್ಸನ್ನು ತೋರಿಸಿದೆ. "ಮುದಗಲ್ಲಿಗೆ ಹೋಗಿಲ್ಲ. ರೊಟ್ಟಿ ಕೊಡಾಕ ಹೋಗಿದ್ದೆ."

ಅವಳು ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು. "ಹಲಗಿ ಕೇಳಿತ್ತಲ್ಲ?"

"ಮಸ್ಕಿದು."

"ಫೋಟೋ?"

"ಖಾಲಾರ ಮಾಲಿದಿ. ತಟ್ಟಿ ನಮ್ಮದು."

"ಯಾರು ತಿಂದ್ರು?"

"ನಾನ."

"ಪೂರಾ?"

"ಪೂರಾ."

ಅವಳು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ಆಸ್ಪತ್ರಿಯಾಗ ಕುರ್ಚಿ ಮ್ಯಾಲ ಮಲಗತಿದ್ದೆ ಯಕ್ಕಾ. ಅಂಜಿಕಿ ಬಂದಾಗೊಮ್ಮೆ ಆ ಫೋಟೋ ತೆಗೆದು ನೋಡತಿದ್ದೆ. ನಮ್ಮಕ್ಕ ನನ್ನ ಸಲುವಾಗಿ ಆ ಗದ್ದಲದಾಗ ಹೋಗ್ಯಾಳ ಅಂತ" ಎಂದಳು. ಅಷ್ಟೇ. ಎದ್ದು ಮನೆಯ ಕಡೆ ನಡೆದಳು. ಮುದಗಲ್ ಬಸ್ಸು ಹೋಯಿತು, ಸಿಂಧನೂರು ಬಸ್ಸೂ ಹೋಯಿತು. ಬದುಕಿನಲ್ಲಿ ಯಾರ ಬೈಗುಳವೂ ನನಗೆ ಆ ಮಾತಿನಷ್ಟು ತಾಗಿಲ್ಲ.

ಮನೆಗೆ ಬಂದು ಮಾಫ್ ಮಾಡು ಎಂದು ಒಮ್ಮೆ ಕೇಳಿದೆ. ಅವಳು ಪಾತ್ರೆ ತಿಕ್ಕುತ್ತಿದ್ದಳು, ಇನ್ನೂ ಜೋರಾಗಿ ತಿಕ್ಕಿದಳು. ಊಟಕ್ಕೆ ಬಡಿಸುತ್ತ ಎರಡನೆಯ ಸಲ ಕೇಳಿದೆ. "ಉಪ್ಪು ಹಾಕು" ಎಂದಳು. ಸಂಜೆ ಅವಳೇ ಅಜ್ಜಿಗೆ ವಿಡಿಯೋ ಕಾಲು ಹಚ್ಚಿ ಫೋನನ್ನು ನನ್ನ ಕೈಗೆ ಕೊಟ್ಟಳು. "ಆಕಿಗೂ ನೀನ ಹೇಳು" ಎಂದಳು.

ಹೇಳಿದೆ. ಹಲಗೆ, ತಟ್ಟೆ, ಊದುಬತ್ತಿ, ಎಲ್ಲ. ಅಜ್ಜಿಯ ಮುಖ ಗಂಭೀರವಾಯಿತು. ನಾನು ಮಾಫಿ ಕೇಳಿದೆ.

"ಇಲ್ಲ" ಎಂದಳು ಅಜ್ಜಿ.

ಮತ್ತೆ ಕೇಳಿದೆ. "ಇಲ್ಲ."

ಮೂರನೆಯ ಸಲ ಕೇಳುವಾಗ ನನಗೆ ಅಳುವೇ ಬಂತು. ಅಜ್ಜಿ ತನ್ನ ಊರುಗೋಲನ್ನು ಪರದೆಯ ಮುಂದೆ ಎತ್ತಿ ಹಿಡಿದಳು. "ಮೂರು ಸಲ ಕೇಳಿದೆ, ಆಯಿತು, ಮಾಫ್. ಮೊದಲ ಸಲಕ್ಕೇ ಮಾಡಬೇಕು ಎನ್ನಿಸಿತ್ತು, ಆದರೆ ನನ್ನ ಹೆಸರಿನ ಇಡೀ ತಟ್ಟೆ ತಿಂದಿದ್ದೀ. ಈಗ ಹೇಳು, ಮಾಲಿದಿ ತಿಂದವರು ಎಷ್ಟು ಜನ?"

"ನಾನೊಬ್ಬಳ ರೀ."

"ಹಾಗಾದರೆ ಖರ್ಜೂರವೂ ನಿನಗೊಬ್ಬಳಿಗೇ. ಹೇಳಿದ ಮಾತು ಹೇಳಿದ್ದೇ." ಆಮೇಲೆ ತಂಗಿಯನ್ನು ಕೂಗಿ ಹೇಳಿದಳು, "ಅವಳನ್ನು ಕೂಡಿಸಿ ತಿನ್ನಿಸು!"

ತಂಗಿಯ ಬಾಯಿಂದ ನಗು ಆಗ ಹೊರಗೆ ಬಿತ್ತು. ಬೆಳಗಿನಿಂದ ಕಟ್ಟಿಟ್ಟಿದ್ದ ನಗು, ನಿಲ್ಲಲೇ ಇಲ್ಲ. ಪೊಟ್ಟಣ ಹರಿದು ನನ್ನ ಬಾಯಿಗೆ ಒಂದರ ಮೇಲೊಂದು ಖರ್ಜೂರ ತುರುಕಿದಳು. ಏಳನೆಯದಕ್ಕೆ ನಾನು ಕೈ ಮುಗಿದೆ. ಬಾಯಿ ತುಂಬ ಖರ್ಜೂರವಿದ್ದಾಗಲೇ ಅವಳನ್ನೂ ಮೂರನೆಯ ಸಲ ಕೇಳಿದೆ. ಏನು ಕೇಳಿತೋ ಅವಳಿಗೆ, "ಹೂಂ, ಸಾಕು, ಮೊದಲು ನುಂಗು" ಎಂದಳು.

ಹರಕೆ ಮಾತ್ರ ಹಾಗೇ ಇತ್ತು. ಮೊಹರಂ ಇನ್ನೂ ದೂರ. "ದೇವರು ಕೂಡಿಲ್ಲಂದ್ರ ದೇವರ ಮನಿ ಎಲ್ಲಿ ಹೋಗ್ಯದ? ಬೇಸ್ತವಾರ ಹೋಗೂಣು, ಫಾತೆಹಾ ನಾ ಓದಿಸ್ತೀನಿ" ಎಂದರು ಖಾಲಾ. ತಮ್ಮ ಮಾಲಿದಿಯ ಕತೆ ಕೇಳಿ ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. "ಫೋಟೋದಾಗ ಚಂದ ಕಾಣ್ತಿತ್ತೇನು?" ಎಂದು ಮಾತ್ರ ಕೇಳಿದರು. ಬುಧವಾರ ರೊಟ್ಟಿಯ ಕೆಲಸ ನಿಲ್ಲಿಸಿ ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಖಾಲಾ ಚಪಾತಿ ಲಟ್ಟಿಸಿದರು, ನಾನು ಸುಟ್ಟೆ, ಮುದಗಲ್ಲಿನವಳು ಕುಟ್ಟಿದಳು, ತಂಗಿ ಉಳಿದ ಖರ್ಜೂರದ ಬೀಜ ತೆಗೆದು ಸಣ್ಣಗೆ ಹೆಚ್ಚಿ ಬೆಲ್ಲದ ಜೊತೆ ಸೇರಿಸಿದಳು. ಮಾಲಿದಿಗೆ ಖರ್ಜೂರ ಹಾಕುವುದುಂಟೇ ಎಂದು ಖಾಲಾಗೂ ಅವಳಿಗೂ ಸ್ವಲ್ಪ ವಾದವಾಯಿತು. ತಂಗಿ ಗೆದ್ದಳು.

ಗುರುವಾರ ಮುದಗಲ್ ಬಸ್ಸು ಹತ್ತಿದೆವು. ಬುಟ್ಟಿ ನನ್ನ ತೊಡೆಯ ಮೇಲೆ, ಕೆಳಗೆ ಇಡಬಾರದೆಂದು ತಂಗಿಯ ಅಪ್ಪಣೆ. ಖಾಲಾ ಓದಿಸಿದರು, ನಾನು ಸೆರಗು ಹೊದ್ದು ನಿಂತು ನೆಲಕ್ಕೆ ಹಣೆ ಹಚ್ಚಿದೆ. ಆಮೇಲೆ ತಂಗಿ ಹಂಚಿದಳು. ಅಲ್ಲಿ ಕೂತಿದ್ದ ಮುದುಕರಿಗೆ, ಹೂವಿನವಳಿಗೆ, ಮುದಗಲ್ಲಿನವಳ ತಾಯಿಯ ಮನೆಗೆ, ಅಲ್ಲಿಂದ ಅವರ ಪಕ್ಕದ ಮನೆಗೆ. ಮರಳಿ ಬರುವಾಗ ಬಸ್ಸಿನ ಕಂಡಕ್ಟರನಿಗೂ ಸಿಕ್ಕಿತು. ಅವನು ಎರಡನೆಯ ಸಲವೂ ಕೈ ಒಡ್ಡಿದ. ಅವನ ಹಿಂದೆ ನಾನೂ ಕೈ ಒಡ್ಡಿದೆ.

ತಂಗಿ ಬುಟ್ಟಿಯನ್ನು ಆಚೆ ಸರಿಸಿದಳು. "ನಿನ್ನ ಪಾಲು ನೀ ಎರಡು ವರ್ಷದ ಹಿಂದ ತಿಂದೀದಿ."

"ಚೂರು ಬೇ, ರುಚಿಗೆ."

"ಇಲ್ಲ ಅಂದ್ರ ಇಲ್ಲ."

ಖಾಲಾ, ಮುದಗಲ್ಲಿನವಳು ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ತಮ್ಮ ಪಾಲು ತಿಂದರು. ಯಾರೂ ನನ್ನ ಪರ ಮಾತಾಡಲಿಲ್ಲ. ಲಿಂಗಸುಗೂರು ಬರುವಷ್ಟರಲ್ಲಿ ಬುಟ್ಟಿ ಖಾಲಿ.

ಖರ್ಜೂರ ಹಾಕಿದ ಆ ಮಾಲಿದಿ ಹೇಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಹಳ ರುಚಿಯಾಗಿತ್ತು ಎಂದು ತಂಗಿ ಹೇಳುತ್ತಾಳೆ. ಅವಳ ಮಾತು ನಂಬಿದ್ದೇನೆ.